ಹೇಮಾವತಿ–ಕಾವೇರಿ ನೀರಿನಲ್ಲಿ ಹೊರಗಿನ ಮೀನುಗಳು: ಪ್ರವೇಶ, ಗುರುತು, ನಿಯಂತ್ರಣ

ತನ್ನ ಮೂಲನೆಲೆಯನ್ನು ಬಿಟ್ಟು ಬೇರೊಂದು ನೀರಿಗೆ ಬಂದು, ಅಲ್ಲಿ ತಾನಾಗಿಯೇ ಸಂತಾನ ಬೆಳೆಸಿ, ಸ್ಥಳೀಯ ಜೀವಿಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುವ ಜೀವಿಯನ್ನು ಆಕ್ರಮಣಕಾರಿ ಪ್ರಭೇದ ಎನ್ನಲಾಗುತ್ತದೆ. ಕಡಲಿನಲ್ಲಿ ಇಂಥ ಹಲವು ಜೀವಿಗಳು ಹರಡಿದ್ದು ಹಡಗುಗಳು ಸಮತೋಲಕ್ಕಾಗಿ ಒಡಲಿನ ತೊಟ್ಟಿಗಳಲ್ಲಿ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನ ಮೂಲಕ; ಅದನ್ನು ತಡೆಯಲು 2004ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬರಲು 2017ರವರೆಗೆ ಕಾಯಬೇಕಾಯಿತು. ಕಡಲಿಲ್ಲದ ಹಾಸನ ಸೀಮೆಯ ಕೆರೆ–ಹೊಳೆಗಳ ಚರಿತ್ರೆ ಇದಕ್ಕಿಂತ ಭಿನ್ನ. ಒಳನಾಡಿನ ನೀರಿಗೆ ಹೊರಗಿನ ಮೀನುಗಳನ್ನು ತಿಳಿದೇ ಬಿಡಲಾಯಿತು, ಅದೂ ಹೆಚ್ಚಾಗಿ ಒಳ್ಳೆಯ ಉದ್ದೇಶದಿಂದ.

ಸಾಮಾನ್ಯ ಗೆಂಡೆ ಭಾರತಕ್ಕೆ 1939ರಲ್ಲಿ ಬಂದಿತು. ಅದರ ಮತ್ತೊಂದು ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ ಬಂದಿತು. ಜನ ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಬಂದದ್ದು. ಕೆಲವೇ ತಿಂಗಳಲ್ಲಿ ಸಂತಾನೋತ್ಪತ್ತಿಯ ಪ್ರಾಯಕ್ಕೆ ಬರುವ ಈ ಮೀನಿನ ಹೆಣ್ಣು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುವುದರಿಂದ ಮರಿಗಳು ಹೆಚ್ಚಾಗಿ ಉಳಿಯುತ್ತವೆ. 1959ರಲ್ಲಿ ಇದರ ಪ್ರಸಾರಕ್ಕೆ ನಿಷೇಧ ವಿಧಿಸುವಷ್ಟರಲ್ಲಿ ಕೈಮೀರಿತ್ತು. 1990ರ ದಶಕದಲ್ಲಿ ಅನುಮತಿಯಿಲ್ಲದೆ ಒಳನುಸುಳಿದ ಆಫ್ರಿಕನ್ ಕ್ಯಾಟ್‌ಫಿಷ್ ಇನ್ನೂ ಅಪಾಯಕಾರಿ. ಅದು ಗಾಳಿಯನ್ನೇ ಉಸಿರಾಡಬಲ್ಲುದು, ಸಿಕ್ಕ ಮೀನುಗಳನ್ನೆಲ್ಲ ತಿನ್ನುತ್ತದೆ.

1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡ ಮೇಲೆ ಹೇಮಾವತಿಯ ನೀರು ಎಡದಂಡೆ ನಾಲೆಯಲ್ಲಿ ಚನ್ನರಾಯಪಟ್ಟಣದ ಕಡೆಗೂ ಬಲದಂಡೆ ನಾಲೆಯಲ್ಲಿ ಅರಕಲಗೂಡು, ಹೊಳೆನರಸೀಪುರಗಳ ಕಡೆಗೂ ಹರಿಯಿತು. ಬೇಸಾಯಕ್ಕೆ ಇದು ವರ. ಆದರೆ ಮೀನಿನ ದೃಷ್ಟಿಯಿಂದ ನೋಡಿದರೆ, ನಾಲೆಯ ನೀರುಂಡ ಕೆರೆಗಳ ನಡುವಿನ ಅಂತರ ಇದರಿಂದ ಕಡಿಮೆಯಾಯಿತು. ಒಂದು ಕೆರೆಗೆ ಬಿತ್ತಿದ ಮರಿ ಕೋಡಿ ಬಿದ್ದಾಗ ಹಳ್ಳ ಸೇರಿ, ಅಲ್ಲಿಂದ ಹೊಳೆ ಸೇರುವುದನ್ನು ಕೆರೆಯ ಮೀನುಗಾರಿಕೆಯ ಯಾವ ಗುತ್ತಿಗೆ ಕರಾರೂ ತಡೆಯಲಾರದು.

ಸ್ಥಳೀಯ ಮೀನು ಯಾವುದು, ಹೊರಗಿನದು ಯಾವುದು ಎಂದು ಗುರುತಿಸುವ ಕಷ್ಟವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಾವೇರಿಯ ಮಹಶೀರ್ ಮೀನಿನ ಪ್ರಕರಣ. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಳವಳದಿಂದ 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಕಾವೇರಿಯದೇ ಆದ ಮಹಶೀರ್ ಬೇರೆ: ತಲೆಯ ಹಿಂದಿನಿಂದ ಏರುವ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆಗಳು, ದೈತ್ಯ ಗಾತ್ರ. ಗಾಳಗಾರರು ಇಟ್ಟಿದ್ದ ದಿನವಹಿಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು, ಬಿಟ್ಟ ಮೀನು ಹೆಚ್ಚುತ್ತ ಹೋದಂತೆ ಡುಬ್ಬದ ಮೀನು ಅಳಿವಿನತ್ತ ಸಾಗಿದ್ದನ್ನು ತೋರಿಸಿತು. ಶತಮಾನಕ್ಕೂ ಹೆಚ್ಚು ಕಾಲ ಗಾಳಕ್ಕೆ ಸಿಕ್ಕು ಜಗತ್ಪ್ರಸಿದ್ಧವಾಗಿದ್ದ ಈ ಮೀನು ‘ಟಾರ್ ರೆಮಾದೇವಿ’ ಎಂಬ ಪ್ರಭೇದವೇ ಎಂದು ವಂಶವಾಹಿ ಪರೀಕ್ಷೆಯ ನೆರವಿನಿಂದ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅತಿಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರು ಖಚಿತವಾಗದ ಮೀನಿಗೆ ಕಾನೂನಿನ ರಕ್ಷಣೆ ದೊರೆಯುವುದು ಹೇಗೆ?

ಇನ್ನು ನಿಯಂತ್ರಣದ ಮಾತಿಗೆ ಬಂದರೆ, ಜಲಕಳೆಯ ವಿಷಯದಲ್ಲಿ ಕರ್ನಾಟಕಕ್ಕೆ ಯಶಸ್ಸಿನ ಅನುಭವವೂ ಉಂಟು. 1983–84ರಲ್ಲಿ ಬೆಂಗಳೂರಿನ ತಾವರೆಕೊಳವೊಂದನ್ನು ಮುಚ್ಚಿದ್ದ ಸಾಲ್ವೀನಿಯಾ ಕಳೆಯ ಮೇಲೆ ಅದರ ನೈಸರ್ಗಿಕ ಶತ್ರುವಾದ ಮೂತಿಹುಳುವನ್ನು ಬಿಟ್ಟಾಗ, ಒಂದು ವರ್ಷದೊಳಗೆ ಕಳೆ ಹತೋಟಿಗೆ ಬಂದಿತು. ಮೀನಿನ ವಿಷಯದಲ್ಲಿ ಇಂಥ ಉಪಾಯವಿಲ್ಲ. ಹರಿಯುವ ನದಿಯಲ್ಲಿ ನೆಲೆಯೂರಿದ ಮೀನನ್ನು ಆರಿಸಿ ತೆಗೆಯುವುದು ಅಸಾಧ್ಯವೆಂದೇ ಹೇಳಬೇಕು. ಆದ್ದರಿಂದ ನಿಯಂತ್ರಣದ ಜಾಗ ಹೊಳೆಯಲ್ಲ, ಮರಿ ಬಿತ್ತನೆಯ ಕೇಂದ್ರ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನುಗಳನ್ನು ಭಕ್ತಿಯಿಂದ ಕಾಪಾಡಿಕೊಂಡು ಬರಲಾಗಿದೆ. ಅಂಥ ಮಡುಗಳ ಮೀನುಗಳ ಪ್ರಭೇದವನ್ನು ವಂಶವಾಹಿ ಪರೀಕ್ಷೆಯಿಂದ ದಾಖಲಿಸಬೇಕು, ಆ ದಾಖಲೆ ಸಿದ್ಧವಾಗುವವರೆಗೆ ಹೇಮಾವತಿ–ಕಾವೇರಿಗಳಿಗೆ ಹೊರಗಿನ ಮಹಶೀರ್ ಮರಿಗಳನ್ನು ಬಿಡುವುದನ್ನು ನಿಲ್ಲಿಸಬೇಕು.