ಮಿಲಿಮೀಟರಿನ ಲೆಕ್ಕ: ಆರಂಭಿಕ ಗರ್ಭಕಂಠದ ಕ್ಯಾನ್ಸರಿನಲ್ಲಿ ಅಂಗಾಂಶ ಲಕ್ಷಣಗಳ ಅಧ್ಯಯನದ ಚರಿತ್ರೆ

ದಕ್ಷಿಣ ಕನ್ನಡದ ವೇಣೂರಿನ ಆಸುಪಾಸಿನ ಹೆಂಗಸೊಬ್ಬಳಿಗೆ ಗರ್ಭಕಂಠದ ಕ್ಯಾನ್ಸರಿನ ಶಂಕೆ ಬಂದರೆ ಅವಳು ಹಿಡಿಯುವ ದಾರಿ ಹೆಚ್ಚುಕಡಿಮೆ ಗೊತ್ತಿರುವುದೇ. ಮೊದಲು ಊರಿನ ಆರೋಗ್ಯ ಕೇಂದ್ರ, ಅಲ್ಲಿಂದ ಬೆಳ್ತಂಗಡಿ, ಉಜಿರೆ ಅಥವಾ ಮೂಡುಬಿದಿರೆ, ಕೊನೆಗೆ ಮಂಗಳೂರು ಇಲ್ಲವೇ ಮಣಿಪಾಲ. ಬೀಡಿ ಕಟ್ಟಿ ಮನೆ ನಡೆಸುವವಳಿಗೆ ಅಲ್ಲಿಗೆ ಹೋದ ಪ್ರತಿ ದಿನವೂ ಕೂಲಿ ತಪ್ಪಿದ ದಿನ. ಇಷ್ಟು ದಾರಿ ಸವೆಸಿದ ಮೇಲೆ ಅವಳ ಮುಂದಿನ ಚಿಕಿತ್ಸೆ ಏನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಾಜಿನ ಸ್ಲೈಡಿನ ಮೇಲೆ ಅಂಟಿರುವ, ಮೂರು ನಾಲ್ಕು ಮೈಕ್ರಾನ್ ದಪ್ಪದ ಅಂಗಾಂಶದ ಒಂದು ಪದರ. ಆ ಪದರದಲ್ಲಿ ಏನನ್ನು ನೋಡಬೇಕು, ಯಾವುದನ್ನು ಅಳೆಯಬೇಕು ಎಂಬ ತಿಳಿವಳಿಕೆ ಬೆಳೆದುಬಂದ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಈ ಚರಿತ್ರೆ ಆರಂಭವಾಗುವುದು ಶಸ್ತ್ರಚಿಕಿತ್ಸೆಯಿಂದ. 1898ರ ನವೆಂಬರಿನಲ್ಲಿ ವಿಯೆನ್ನಾದ ಅರ್ನ್ಸ್ಟ್ ವೆರ್ಟ್‌ಹೈಮ್ ಗರ್ಭಕೋಶವನ್ನು ಅದರ ಅಕ್ಕಪಕ್ಕದ ಅಂಗಾಂಶದ ಸಮೇತ ಹೊಟ್ಟೆಯ ಮೂಲಕ ತೆಗೆದರು. 1921ರಲ್ಲಿ ಕ್ಯೋಟೋದ ಹಿಡೆಕಾಜು ಒಕಾಬಯಾಶಿ ಆ ಶಸ್ತ್ರಚಿಕಿತ್ಸೆಯನ್ನು ಇನ್ನಷ್ಟು ವಿಸ್ತಾರಗೊಳಿಸಿದರು. ಬಾಸ್ಟನ್ನಿನ ಜೋ ಮೀಗ್ಸ್ 1940ರ ದಶಕದಲ್ಲಿ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ಕ್ರಮವಾಗಿ ತೆಗೆಯುವ ಪದ್ಧತಿ ತಂದರು. ಈ ಶಸ್ತ್ರಚಿಕಿತ್ಸೆಗಳ ಒಂದು ಫಲ ಗಮನಾರ್ಹ: ಇಡೀ ಗಡ್ಡೆ, ಸುತ್ತಲಿನ ಅಂಚು, ಗ್ರಂಥಿಗಳು ಎಲ್ಲವೂ ಮೊದಲ ಬಾರಿಗೆ ಒಟ್ಟಿಗೆ ರೋಗಶಾಸ್ತ್ರಜ್ಞರ ಮೇಜಿಗೆ ಬಂದವು. ಬದುಕುಳಿಯುವಿಕೆಯನ್ನು ಅಂಗಾಂಶದಿಂದ ಊಹಿಸುವ ಜ್ಞಾನ ಬಹುಪಾಲು ಹೀಗೆ ಬಂದ ಮಾದರಿಗಳ ಮೇಲೆ ನಿಂತಿದೆ.

ಮೊದಲ ತಲೆಮಾರಿನ ರೋಗಶಾಸ್ತ್ರಜ್ಞರು ನೋಡಿದ್ದು ಕೋಶಗಳ ಮುಖವನ್ನು. ಮೇಯೋ ಕ್ಲಿನಿಕ್ಕಿನ ಬ್ರಾಡರ್ಸ್ 1920ರಲ್ಲಿ ತುಟಿಯ ಕ್ಯಾನ್ಸರಿಗೆ ದರ್ಜೆ ಹಾಕಿದ್ದರು. 1923ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಮಾರ್ಟ್ಸ್‌ಲಾಫ್ ಗರ್ಭಕಂಠದ ಗಡ್ಡೆಗಳನ್ನು ಕೋಶಗಳ ರೂಪದ ಮೇಲೆ ವಿಂಗಡಿಸಿದರು. 1959ರಲ್ಲಿ ವೆಂಟ್ಸ್ ಮತ್ತು ರೀಗನ್ ದೊಡ್ಡ ಕೋಶ, ಸಣ್ಣ ಕೋಶ, ಕೆರಾಟಿನ್ ಇರುವುದು, ಇಲ್ಲದ್ದು ಎಂಬ ವಿಂಗಡಣೆಯನ್ನು ಬದುಕುಳಿಯುವಿಕೆಗೆ ಜೋಡಿಸಿದರು. ಸ್ಕ್ವಾಮಸ್ (ಚಪ್ಪಟೆ ಕೋಶದ) ಗಡ್ಡೆಗಳ ಮಟ್ಟಿಗೆ ಈ ಹಾದಿ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಒಬ್ಬರು ಎರಡನೆಯ ದರ್ಜೆ ಎಂದದ್ದನ್ನು ಮತ್ತೊಬ್ಬರು ಮೂರನೆಯದೆಂದರು. ಇಂದಿಗೂ ವರದಿಯಲ್ಲಿ ದರ್ಜೆ ಬರೆಯುತ್ತಾರೆ, ಆದರೆ ಅದೊಂದನ್ನೇ ನೆಚ್ಚಿ ಚಿಕಿತ್ಸೆ ನಿರ್ಧರಿಸುವುದಿಲ್ಲ.

ನಿಜವಾದ ತಿರುವು ಬಂದದ್ದು ಅಳತೆಯಿಂದ. 1947ರಲ್ಲಿ ಜರ್ಮನಿಯ ಗೆಯಾರ್ಗ್ ಮೆಸ್ಟ್‌ವೆರ್ಟ್ ಐದು ಮಿಲಿಮೀಟರಿಗಿಂತ ಆಳಕ್ಕೆ ಇಳಿಯದ ಕ್ಯಾನ್ಸರನ್ನು ಸೂಕ್ಷ್ಮ ಕ್ಯಾನ್ಸರೆಂದು ಬೇರ್ಪಡಿಸಿದರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಎರಿಕ್ ಬುರ್ಗ್‌ಹಾರ್ಟ್ ಮತ್ತು ಪಿಕೆಲ್ ಇಡೀ ಗರ್ಭಕಂಠವನ್ನು ದೊಡ್ಡ ದೊಡ್ಡ ಛೇದಗಳಾಗಿ ಕೊಯ್ದು, ಗಡ್ಡೆಯ ಗಾತ್ರ ಹೆಚ್ಚಿದಂತೆ ಗ್ರಂಥಿಗಳಿಗೆ ಹರಡುವುದೂ ಹೆಚ್ಚುವುದನ್ನು 1978ರಲ್ಲಿ ತೋರಿಸಿದರು. ಕೋಶ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದು ಎಷ್ಟು ದೂರ ಹೋಗಿದೆ ಎಂಬುದೇ ಮುಖ್ಯ ಎಂಬ ತೀರ್ಮಾನಕ್ಕೆ ಯುರೋಪಿನ ಈ ಶಾಲೆ ಬಂದಿತ್ತು.

ಅದಕ್ಕೆ ಗಟ್ಟಿ ಅಂಕಿಅಂಶ ಒದಗಿಸಿದ್ದು ಅಮೆರಿಕದ ಗೈನಕಾಲಜಿಕ್ ಆಂಕಾಲಜಿ ಗ್ರೂಪ್. ಡೆಲ್ಗಾಡೊ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಮೊದಲ ಹಂತದ 645 ಮಹಿಳೆಯರಿದ್ದರು. ಕ್ಯಾನ್ಸರ್ ಗರ್ಭಕಂಠದ ಗೋಡೆಯ ಮೇಲಿನ ಮೂರನೇ ಒಂದು ಭಾಗದಲ್ಲಷ್ಟೇ ಇದ್ದವರಲ್ಲಿ ಮೂರು ವರ್ಷ ರೋಗ ಮರುಕಳಿಸದೆ ಉಳಿದವರು ಶೇ. 94.1. ನಡುಭಾಗಕ್ಕೆ ಇಳಿದಿದ್ದರೆ ಶೇ. 84.5, ತಳಭಾಗ ಮುಟ್ಟಿದ್ದರೆ ಶೇ. 73.6. ಗ್ರಂಥಿಗಳಿಗೆ ಹರಡಿರದಿದ್ದರೆ ಶೇ. 85.6, ಹರಡಿದ್ದರೆ ಶೇ. 74.4. ಗಡ್ಡೆ ಮೂರು ಸೆಂಟಿಮೀಟರಿಗಿಂತ ದೊಡ್ಡದಿದ್ದವರಲ್ಲಿ ಈ ಪ್ರಮಾಣ ಶೇ. 67.6ಕ್ಕೆ ಇಳಿಯಿತು. ಒಂದೇ ಹಂತವೆಂದು ಕರೆಸಿಕೊಂಡ ಮಹಿಳೆಯರ ನಡುವೆ ಇಷ್ಟು ಅಂತರ! ಹಂತವೊಂದನ್ನೇ ನೋಡಿ ರೋಗಿಗೆ ಭರವಸೆ ಕೊಡುವುದಾಗಲಿ ಹೆದರಿಸುವುದಾಗಲಿ ಸರಿಯಲ್ಲ ಎನ್ನಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಇದೇ ಅಧ್ಯಯನದ ಮತ್ತೊಂದು ಫಲಿತಾಂಶದ ಬಳಿ ಸ್ವಲ್ಪ ನಿಲ್ಲಬೇಕು. ಗಡ್ಡೆಯ ಕೋಶಗಳು ಸಣ್ಣ ರಕ್ತನಾಳ ಅಥವಾ ದುಗ್ಧನಾಳದೊಳಗೆ ಹೊಕ್ಕಿದ್ದರೆ ರೋಗ ಮರುಕಳಿಸದವರ ಪ್ರಮಾಣ ಶೇ. 77, ಹೊಕ್ಕಿರದಿದ್ದರೆ ಶೇ. 88.9. ಆದರೆ ಇದನ್ನು ಗುರುತಿಸುವುದು ಸುಲಭವಲ್ಲ. ಫಾರ್ಮಲಿನ್‌ನಲ್ಲಿಟ್ಟು ಮೇಣ ತುಂಬುವಾಗ ಅಂಗಾಂಶ ಕುಗ್ಗುತ್ತದೆ. ಗಡ್ಡೆಯ ಗುಂಪುಗಳ ಸುತ್ತ ಖಾಲಿ ಜಾಗ ಬಿಡುತ್ತದೆ. ಈ ಬಿರುಕು ನೋಡಲು ನಾಳದಂತೆಯೇ ಇರುತ್ತದೆ. ನಿಜವಾದ ನಾಳವಾದರೆ ಒಳಮೈಗೆ ಚಪ್ಪಟೆ ಕೋಶಗಳ ತೆಳುವಾದ ಹೊದಿಕೆ ಇರಬೇಕು, ಒಳಗಿನ ಗಡ್ಡೆಯ ತುಣುಕು ಗೋಡೆಗೆ ಒಂದು ಬದಿ ಅಂಟಿಕೊಂಡಿರುವುದೂ ಉಂಟು. ಸಂದೇಹ ಬಂದರೆ ಸಿಡಿ 34, ಡಿ2-40 ಎಂಬ ವಿಶೇಷ ಬಣ್ಣಗಳ ಪರೀಕ್ಷೆ ಮಾಡಿಸುತ್ತಾರೆ. ಅನುಭವಿ ಕಣ್ಣುಗಳ ನಡುವೆಯೂ ಭಿನ್ನಾಭಿಪ್ರಾಯ ಬರುವ ಜಾಗವಿದು. ಎರಡನೆಯ ಅಭಿಪ್ರಾಯ ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಈ ಲಕ್ಷಣಗಳು ಚಿಕಿತ್ಸೆಯ ನಿಯಮವಾದದ್ದು ಮುಂದಿನ ದಶಕದಲ್ಲಿ. 1999ರಲ್ಲಿ ಸೆಡ್ಲಿಸ್ ಮತ್ತು ಸಂಗಡಿಗರು ಗ್ರಂಥಿಗಳಿಗೆ ಹರಡದ, ಆದರೆ ಆಳ, ಗಾತ್ರ, ನಾಳಪ್ರವೇಶಗಳಲ್ಲಿ ಅಪಾಯದ ಚಿಹ್ನೆಗಳಿದ್ದ 277 ಮಹಿಳೆಯರ ಪ್ರಯೋಗವನ್ನು ವರದಿ ಮಾಡಿದರು. ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣ ಪಡೆದವರಲ್ಲಿ ಶೇ. 15 ಮಂದಿಗೆ, ಪಡೆಯದವರಲ್ಲಿ ಶೇ. 28 ಮಂದಿಗೆ ರೋಗ ಮರುಕಳಿಸಿತು. ಮರುವರ್ಷ ಪೀಟರ್ಸ್ ಮತ್ತು ಸಂಗಡಿಗರು ಗ್ರಂಥಿ, ಪಕ್ಕದ ಅಂಗಾಂಶ ಅಥವಾ ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದವರಿಗೆ ವಿಕಿರಣದ ಜೊತೆ ಔಷಧವನ್ನೂ ಕೊಟ್ಟರೆ ನಾಲ್ಕು ವರ್ಷ ಬದುಕುಳಿಯುವವರು ಶೇ. 71ರಿಂದ 81ಕ್ಕೆ ಏರುವುದನ್ನು ತೋರಿಸಿದರು. ನಮ್ಮಲ್ಲಿ ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆ ಆಪರೇಷನ್ ಆದ ಮೇಲೂ ಬೇಕೇ ಎಂಬ ಪ್ರಶ್ನೆಗೆ ಉತ್ತರ ಇಂದಿಗೂ ಬಹುಮಟ್ಟಿಗೆ ಈ ಎರಡು ಅಧ್ಯಯನಗಳಿಂದಲೇ ಬರುತ್ತದೆ.

ಗರ್ಭಕಂಠದ ಲೋಳೆ ಸ್ರವಿಸುವ ಗ್ರಂಥಿಕೋಶಗಳಿಂದ ಹುಟ್ಟುವ ಅಡಿನೋಕಾರ್ಸಿನೋಮದಲ್ಲಿ ಆಳವನ್ನು ಅಳೆಯುವುದೇ ಕಷ್ಟ. 2013ರಲ್ಲಿ ಪ್ರಕಟವಾದ, ಸಿಲ್ವಾ ಹೆಸರಿನಿಂದ ಪರಿಚಿತವಾದ ಪದ್ಧತಿ 352 ಗಡ್ಡೆಗಳನ್ನು ಅವು ಒಳನುಗ್ಗುವ ವಿನ್ಯಾಸದ ಮೇಲೆ ಮೂರು ಬಗೆಯಾಗಿ ವಿಂಗಡಿಸಿತು. ಮೊದಲ ಬಗೆಯ 73 ಗಡ್ಡೆಗಳಲ್ಲಿ ಒಂದೂ ದುಗ್ಧಗ್ರಂಥಿಗೆ ಹರಡಿರಲಿಲ್ಲ. ಮೂರನೆಯ ಬಗೆಯಲ್ಲಿ ಸುಮಾರು ನಾಲ್ಕರಲ್ಲೊಂದು ಹರಡಿತ್ತು. 2018ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವು ಹಂತ ನಿರ್ಣಯಕ್ಕೆ ಕೈಪರೀಕ್ಷೆಯ ಜೊತೆ ಸ್ಕ್ಯಾನ್ ಮತ್ತು ಅಂಗಾಂಶ ವರದಿಯನ್ನೂ ಒಪ್ಪಿಕೊಂಡಿತು. 2020ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಗಡ್ಡೆಗಳನ್ನು ಎಚ್‌ಪಿವಿ ವೈರಸ್ಸಿನಿಂದ ಬಂದವು, ಅದಿಲ್ಲದೆ ಬಂದವು ಎಂದು ಬೇರ್ಪಡಿಸಿತು. ಗಡ್ಡೆಯ ಅಂಚಿನಲ್ಲಿ ಐದಕ್ಕಿಂತ ಕಡಿಮೆ ಕೋಶಗಳ ಸಣ್ಣ ಗುಂಪುಗಳು ಮೊಳಕೆಯೊಡೆದಂತೆ ಕಾಣುವುದನ್ನು ಎಣಿಸುವ ಪ್ರಯತ್ನವೂ ನಡೆದಿದೆ.

ಈ ಜ್ಞಾನ ನಮ್ಮ ನೆಲಕ್ಕೆ ಬಂದದ್ದು ವೈದ್ಯಕೀಯ ಕಾಲೇಜುಗಳ ಜೊತೆಗೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. 1955ರಿಂದ ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳು ಅದರ ಬೋಧನಾ ಕೇಂದ್ರಗಳಾದವು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ತಲೆಯೆತ್ತಿತು. ಅಲ್ಲಿ 1980ರ ದಶಕದ ಆರಂಭದಲ್ಲಿ ತೊಡಗಿದ ಕ್ಯಾನ್ಸರ್ ನೋಂದಣಿಯಲ್ಲಿ ಹೆಂಗಸರ ಪಟ್ಟಿಯ ಮೊದಲ ಸ್ಥಾನ ಗರ್ಭಕಂಠಕ್ಕೇ ಇತ್ತು. ಮುಂದೆ ಸ್ತನ ಕ್ಯಾನ್ಸರ್ ಅದನ್ನು ದಾಟಿತು. ಬಹುಪಾಲು ರೋಗಿಗಳು ಬರುತ್ತಿದ್ದುದು ಶಸ್ತ್ರಚಿಕಿತ್ಸೆಯ ಹಂತ ಮೀರಿದ ಮೇಲೆ. ಅವರಿಗೆ ವಿಕಿರಣವೇ ಗತಿಯಾದ್ದರಿಂದ ಇಡೀ ಗಡ್ಡೆಯನ್ನು ಅಳೆಯುವ ಅವಕಾಶವೇ ಒದಗುತ್ತಿರಲಿಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೊಸ ಪ್ರಕರಣ, ಸುಮಾರು 80 ಸಾವಿರ ಸಾವು. ಇಷ್ಟು ಹೊರೆ ಹೊತ್ತ ದೇಶದಲ್ಲಿ ಬಳಸುವ ಅಳತೆಗೋಲುಗಳು ಬಹುಪಾಲು ಯುರೋಪು ಮತ್ತು ಅಮೆರಿಕದ ಮಹಿಳೆಯರ ಮಾದರಿಗಳಿಂದ ಬಂದಿರುವುದು ನೋವಿನ ಸಂಗತಿ.

ಮಾದರಿ ಸಿಕ್ಕಿದಾಗಲೂ ಅದು ವ್ಯರ್ಥವಾಗುವ ಒಂದು ದಾರಿಯಿದೆ. ಬಿಳಿಸೆರಗು, ಅತಿಸ್ರಾವ ಎಂದು ಬಂದವಳ ಗರ್ಭಕಂಠವನ್ನು ಮೊದಲು ಪರೀಕ್ಷಿಸದೆ ನೇರವಾಗಿ ಗರ್ಭಕೋಶ ತೆಗೆದುಬಿಡುವುದು. ಕಲಬುರಗಿಯ ತಾಂಡಾಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪಗಳು ಕಳೆದ ದಶಕದಲ್ಲಿ ಸಾರ್ವಜನಿಕ ಚರ್ಚೆಗೆ ಬಂದವು. ಹೀಗೆ ತೆಗೆದ ಗರ್ಭಕೋಶದಲ್ಲಿ ಕ್ಯಾನ್ಸರ್ ಅಡಗಿದ್ದರೆ ಅಂಚು ಸಾಕಷ್ಟು ಸಿಕ್ಕಿರುವುದಿಲ್ಲ, ಗ್ರಂಥಿಗಳ ಪರೀಕ್ಷೆ ಆಗಿರುವುದಿಲ್ಲ. ಅಂಗಾಂಶವನ್ನು ಲ್ಯಾಬಿಗೆ ಕಳಿಸದೇ ಇದ್ದರಂತೂ ರೋಗ ಇತ್ತೆಂಬುದೇ ಗೊತ್ತಾಗುವುದಿಲ್ಲ. ಕಳಿಸಿದರೂ, ಗರ್ಭಕಂಠವನ್ನು ಗಡಿಯಾರದ ಮುಖದಂತೆ ಸುತ್ತಲೂ ಕೊಯ್ದು ಪ್ರತಿ ಭಾಗವನ್ನೂ ನೋಡದೆ ಒಂದೆರಡು ತುಣುಕು ಮಾತ್ರ ತೆಗೆದರೆ, ಆಳದ ಅಳತೆಗೆ ಅರ್ಥ ಉಳಿಯದು.

ಹಾಗಾಗಿ ಈ ಚರಿತ್ರೆ ಓದಿದವರಲ್ಲಿ ಎರಡು ವಿನಂತಿ. ವೈದ್ಯರಲ್ಲಿ: ಯಾವ ಕಾರಣಕ್ಕೆ ತೆಗೆದ ಗರ್ಭಕೋಶವೇ ಆಗಲಿ ಅಂಗಾಂಶ ಪರೀಕ್ಷೆಗೆ ಹೋಗಬೇಕು, ಕ್ಯಾನ್ಸರ್ ಕಂಡಲ್ಲಿ ವರದಿಯಲ್ಲಿ ಗಡ್ಡೆಯ ಬಗೆ, ಗಾತ್ರ, ಮಿಲಿಮೀಟರಿನಲ್ಲಿ ಆಳ, ನಾಳಪ್ರವೇಶ, ಅಂಚು, ಪಕ್ಕದ ಅಂಗಾಂಶ, ಗ್ರಂಥಿಗಳ ಸಂಖ್ಯೆ ಇಷ್ಟೂ ಇರಲೇಬೇಕು. ಮನೆಯವರಲ್ಲಿ: ಮಂಗಳೂರಿನಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುವಾಗ ವರದಿಯ ಕಾಗದವೊಂದನ್ನೇ ಒಯ್ಯಬೇಡಿ, ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ.