ಒಪ್ಪೊತ್ತಿನ ದಿನದ ಮಾತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಎರಡು ವಸ್ತು ಈಗ ಖಾಯಂ. ಒಂದು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಗಿಟುಕಾಗುವ ತೆಂಗಿನಕಾಯಿ. ಇನ್ನೊಂದು, ಗೋಡೆಯ ಗೂಡಿನಲ್ಲಿ ಕನ್ನಡಕದ ಪಕ್ಕ ಇರುವ ಶುಗರ್ ಮಾತ್ರೆಯ ಸ್ಟ್ರಿಪ್. ಬೆಂಗಳೂರಿನಿಂದ ಫೋನ್ ಮಾಡುವ ಮಕ್ಕಳು ಕೊಬ್ಬರಿ ರೇಟು ವಿಚಾರಿಸಿದ ಮೇಲೆ ತಪ್ಪದೆ ಕೇಳೋ ಪ್ರಶ್ನೆ, ‘ಮಾತ್ರೆ ತಗೊಂಡ್ಯಾ?’ ಈ ಪ್ರಶ್ನೆ ಅರ್ಧ ಮಾತ್ರ ಸರಿ ಅನ್ನೋದು ನನ್ನ ವಾದ. ಇನ್ನರ್ಧ ಏನು ಅಂತ ಗೊತ್ತಾಗಬೇಕಾದರೆ ಆ ಮಾತ್ರೆ ಎಲ್ಲಿಂದ ಬಂತು ಅಂತ ನೋಡಬೇಕು.

ಸ್ಟ್ರಿಪ್ ತಿರುಗಿಸಿ ಓದಿ. ದಪ್ಪಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ, ಅಪ್ಪನ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರದಲ್ಲಿ, ಬಹಳ ಸಲ ಎರಡು ಹೆಸರಿರುತ್ತವೆ: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಮಾತ್ರೆ ಒಂದೇ, ಆದರೆ ಒಳಗಿರೋದು ಎರಡು ಬೇರೆ ಬೇರೆ ವಂಶ. ಸ್ವಭಾವವೂ ಬೇರೆ, ಅಪಾಯವೂ ಬೇರೆ.

ಮೊದಲ ವಂಶದ ಕಥೆ ಶುರುವಾಗೋದು 1942ರಲ್ಲಿ, ಫ್ರಾನ್ಸಿನ ಮಾಂಪೆಲಿಯೇ ಊರಿನ ಆಸ್ಪತ್ರೆಯಲ್ಲಿ. ಮಹಾಯುದ್ಧದ ಕಾಲ, ಜನಕ್ಕೆ ಹೊಟ್ಟೆ ತುಂಬ ಊಟವಿಲ್ಲ. ಮಾರ್ಸೆಲ್ ಜಾನ್‌ಬೋ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಒಂದು ಹೊಸ ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಅದಕ್ಕಿನ್ನೂ ಸರಿಯಾದ ಹೆಸರೂ ಇರಲಿಲ್ಲ, 2254 ಆರ್‌ಪಿ ಅನ್ನೋ ನಂಬರ್ ಅಷ್ಟೇ. ಜ್ವರದ ಕಥೆ ಹಾಗಿರಲಿ, ಕೆಲವು ರೋಗಿಗಳು ಬೆವತು, ನಡುಗಿ, ಪ್ರಜ್ಞೆ ತಪ್ಪಿದರು. ಕೆಲವರು ತೀರಿಕೊಂಡರು. ಪರೀಕ್ಷೆ ಮಾಡಿದರೆ ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು.

ಜಾನ್‌ಬೋ ಈ ವಿಷಯವನ್ನು ಅದೇ ಊರಿನ ಶರೀರಶಾಸ್ತ್ರಜ್ಞ ಆಗಸ್ಟ್ ಲೂಬಾತಿಯೇರ್ ಅವರಿಗೆ ಹೇಳಿದರು. ಅವರು ಹಸಿದ ನಾಯಿಗೆ ಅದೇ ಔಷಧಿ ಕೊಟ್ಟರು, ಸಕ್ಕರೆ ಇಳಿಯಿತು. ಮೇದೋಜೀರಕ ಗ್ರಂಥಿ ತೆಗೆದ ನಾಯಿಗೆ ಕೊಟ್ಟರು, ಇಳಿಯಲಿಲ್ಲ. ಅಂದರೆ ಔಷಧಿ ತಾನಾಗಿ ಸಕ್ಕರೆ ಕರಗಿಸುತ್ತಿಲ್ಲ, ಗ್ರಂಥಿಯನ್ನು ತಿವಿದು ಇನ್ಸುಲಿನ್ ಹೊರಡಿಸುತ್ತಿದೆ. 1955ರ ಹೊತ್ತಿಗೆ ಜರ್ಮನಿಯಲ್ಲೂ ಹೀಗೇ ಆಯ್ತು. ಸೋಂಕಿಗೆಂದು ಪರೀಕ್ಷಿಸುತ್ತಿದ್ದ ಇನ್ನೊಂದು ಸಲ್ಫಾ ಔಷಧಿಯಿಂದ ಜನ ನಡುಗಿದರು, ಅದೇ ಕಾರ್ಬುಟಮೈಡ್. ಮರುವರ್ಷ ಟಾಲ್‌ಬುಟಮೈಡ್, 60ರ ದಶಕದ ಕೊನೆಗೆ ಗ್ಲಿಬೆನ್‌ಕ್ಲಮೈಡ್, ಆಮೇಲೆ ಈ ಗ್ಲಿಮೆಪಿರೈಡ್. ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು.

ಗಮನಿಸಿ. ಈ ವಂಶವನ್ನು ಮನುಷ್ಯ ಕಂಡುಕೊಂಡಿದ್ದೇ ಅದರ ಅಡ್ಡಪರಿಣಾಮದಿಂದ. ಊಟ ಕಮ್ಮಿಯಾದ ಮೈಗೆ ಬಿದ್ದಾಗ ಅದು ಏನು ಮಾಡುತ್ತೆ ಅನ್ನೋದು ಮೊದಲು ಗೊತ್ತಾಯ್ತು, ಅದರಿಂದ ಸಕ್ಕರೆ ಕಾಯಿಲೆಗೆ ಉಪಯೋಗ ಇದೆ ಅನ್ನೋದು ಆಮೇಲೆ. ನೀವು ಉಂಡಿರೋ ಇಲ್ಲವೋ ಮಾತ್ರೆಗೆ ಗೊತ್ತಾಗಲ್ಲ. ಅದು ತಿವಿಯುತ್ತೆ, ಅಷ್ಟೆ.

ಇದನ್ನು ತೆಂಗಿನ ಸೀಮೆಯ ದಿನಚರಿಯ ಪಕ್ಕದಲ್ಲಿಟ್ಟು ನೋಡಿ. ಕಾಯಿ ಕೀಳಿಸೋ ದಿನ ಬೆಳಗ್ಗೆ ಬರೀ ಕಾಫಿ ಕುಡಿದು ತೋಟಕ್ಕೆ ಹೋದವರು ಮುದ್ದೆ ಮುಟ್ಟೋದು ಹನ್ನೊಂದಾದ ಮೇಲೆ. ಕೊಬ್ಬರಿ ಚೀಲ ಹಾಕಿಕೊಂಡು ತಿಪಟೂರು ಎಪಿಎಂಸಿಗೆ ಹೋದರೆ ಹರಾಜು, ತೂಕ, ದುಡ್ಡು ಅಂತ ಊಟದ ಹೊತ್ತು ಎತ್ತಲೋ ಹೋಗುತ್ತೆ. 2024ರಲ್ಲಿ ನಾಫೆಡ್ ಕೊಬ್ಬರಿ ಖರೀದಿಯ ನೋಂದಣಿಗೆ ರೈತರು ರಾತ್ರಿಯಿಡೀ ಸಾಲಿನಲ್ಲಿ ಕಾದದ್ದು ನೆನಪಿರಬೇಕಲ್ಲ. ಆ ಸಾಲಿನಲ್ಲಿದ್ದವರಲ್ಲಿ ಶುಗರ್ ಇರುವ ಹಿರಿಯರೂ ಇದ್ದೇ ಇರುತ್ತಾರೆ. ಇನ್ನು ಅಮ್ಮಂದಿರ ಸೋಮವಾರ, ಶನಿವಾರದ ಒಪ್ಪೊತ್ತು, ಏಕಾದಶಿ, ಶಿವರಾತ್ರಿ. ಉಪವಾಸ ತಪ್ಪಿಸಬಾರದು, ಮಾತ್ರೆಯನ್ನೂ ತಪ್ಪಿಸಬಾರದು ಅಂತ ಎರಡನ್ನೂ ಶ್ರದ್ಧೆಯಿಂದ ಮಾಡುವವರಿಗೇ ಹೆಚ್ಚು ಅಪಾಯ. ಅದಕ್ಕೇ ಹೇಳಿದ್ದು, ಫೋನಿನಲ್ಲಿ ಮೊದಲು ಕೇಳಬೇಕಾದ್ದು ‘ಊಟ ಆಯ್ತಾ?’ ಅಂತ.

ಬೆವರು, ಕೈನಡುಕ, ಎದೆಬಡಿತ, ಸುಮ್ಮನೆ ಸಿಡುಕು, ತೊದಲು ಮಾತು ಕಂಡರೆ ಬಿಸಿಲಿಗೆ ಹೀಗಾಯ್ತು ಅಂತ ಮಲಗಿಸಬೇಡಿ. ಗ್ಲೂಕೋಮೀಟರ್ ಇದ್ದರೆ ನೋಡಿ, 70ಕ್ಕಿಂತ ಕೆಳಗಿದ್ದರೆ ಅದು ಕಮ್ಮಿಯೇ. ಮೀಟರ್ ಇಲ್ಲದಿದ್ದರೆ ಅದಕ್ಕೆ ಕಾಯಬೇಡಿ. ಮೂರ್ನಾಲ್ಕು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸುಧಾರಿಸಿದ ಮೇಲೆ ಊಟ ಕೊಡಿ. ಮನೆಯಲ್ಲಿದೆ ಅಂತ ಕೊಬ್ಬರಿ ಮಿಠಾಯಿ ಕೊಡಬೇಡಿ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಸೀದಾ ಆಸ್ಪತ್ರೆ. ಈ ವಂಶದ ಮಾತ್ರೆಗಳ ಪ್ರಭಾವ ಗಂಟೆಗಟ್ಟಲೆ ಇರೋದರಿಂದ ಒಮ್ಮೆ ಸರಿಹೋದವರಿಗೂ ಮತ್ತೆ ಇಳಿಯಬಹುದು. ಅದರಲ್ಲೂ ಗ್ಲಿಬೆನ್‌ಕ್ಲಮೈಡ್ ಬಹಳ ಹೊತ್ತು ಕೂತುಬಿಡುತ್ತೆ. 60 ದಾಟಿದವರಿಗೆ ಅದು ತಕ್ಕದ್ದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯೇ ಹೇಳಿದೆ. ಹಾಗಂತ ನೀವೇ ನಿಲ್ಲಿಸೋದಲ್ಲ, ಹಳೇ ಚೀಟಿಯಲ್ಲಿ ಆ ಹೆಸರಿದ್ದರೆ ಡಾಕ್ಟರಿಗೆ ತೋರಿಸಿ ಬದಲಿ ಕೇಳಿ.

ಎರಡನೇ ವಂಶದ್ದು ನಿಧಾನದ ಕಥೆ. ಯೂರೋಪಿನ ಹಳ್ಳಿಮದ್ದಾಗಿದ್ದ ಗಲೀಗಾ ಗಿಡದಲ್ಲಿನ ಅಂಶವೊಂದರ ಸುಳಿವು ಹಿಡಿದು ಹೊರಟ ರಸಾಯನಶಾಸ್ತ್ರದ ಕವಲಿದು. ಮೆಟ್‌ಫಾರ್ಮಿನನ್ನು ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ 1922ರಲ್ಲೇ ತಯಾರಿಸಿದ್ದರು. ಆದರೆ ಅದೇ ಹೊತ್ತಿಗೆ ಇನ್ಸುಲಿನ್ ಬಂದು ಎಲ್ಲರ ಕಣ್ಣು ಅತ್ತ ಹೋಯ್ತು. 35 ವರ್ಷ ಕಳೆದು, 1957ರಲ್ಲಿ ಪ್ಯಾರಿಸಿನ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳ ಮೇಲೆ ಪ್ರಯೋಗಿಸಿ ವರದಿ ಮಾಡಿದರು. ಇದು ಗ್ರಂಥಿಯನ್ನು ತಿವಿಯೋದಿಲ್ಲ, ಲಿವರ್ ಸಕ್ಕರೆ ಸುರಿಯೋದನ್ನು ತಗ್ಗಿಸುತ್ತೆ. ಒಂಟಿಯಾಗಿ ತಗೊಂಡರೆ ಸಕ್ಕರೆ ಅತಿಯಾಗಿ ಇಳಿಯೋದು ಅಪರೂಪ.

ಆದರೂ ಇದರ ಹೆಸರು ಕೆಟ್ಟಿತ್ತು, ಅಣ್ಣನ ದೆಸೆಯಿಂದ. ಅದೇ ವಂಶದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಸಿ ಜನರನ್ನು ಕೊಂದಿತ್ತು. ಅಮೆರಿಕ 1977ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯಿತು, ನಮ್ಮ ಸರ್ಕಾರ ನಿಷೇಧಿಸಿದ್ದು 2003ರಲ್ಲಿ. ಈ 26 ವರ್ಷಗಳ ಅಂತರಕ್ಕೆ ನನಗೆ ಒಳ್ಳೇ ಸಮರ್ಥನೆ ಯಾವುದೂ ಹೊಳೆಯೋದಿಲ್ಲ. ಮೆಟ್‌ಫಾರ್ಮಿನ್ ಅಷ್ಟು ಅಪಾಯದ್ದಲ್ಲ, ಆದರೆ ದೇಹದಿಂದ ಹೊರಹೋಗೋದು ಕಿಡ್ನಿಯ ಮೂಲಕ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಬೇಕು. ವಾಂತಿ-ಭೇದಿಯಾಗಿ ಮೈ ನೀರು ಬತ್ತಿದ್ದರೆ, ಅಥವಾ ಸ್ಕ್ಯಾನಿಂಗಿಗೆ ಬಣ್ಣದ ಇಂಜೆಕ್ಷನ್ ಕೊಡೋದಿದ್ದರೆ ‘ಇದನ್ನು ನಿಲ್ಲಿಸಬೇಕಾ?’ ಅಂತ ಕೇಳಲೇಬೇಕು. ಹೊಟ್ಟೆ ತೊಳಸೋದಕ್ಕೆ ಮದ್ದು ಸರಳ: ಊಟದ ಜೊತೆ ತಗೊಳ್ಳಿ.

ಈ ಮಾತ್ರೆಗಳು ಸರ್ಕಾರಿ ವ್ಯವಸ್ಥೆಯ ಮೂಲಕ ಊರಿಗೆ ಬಂದ ಬಗೆಗೂ ತುಮಕೂರು ಜಿಲ್ಲೆಯಲ್ಲಿ ಒಂದು ಗುರುತಿದೆ. ಸಕ್ಕರೆ, ಬಿಪಿ, ಕ್ಯಾನ್ಸರ್ ಮುಂತಾದವಕ್ಕೆಂದು 2010ರಲ್ಲಿ ಕೇಂದ್ರ ಶುರುಮಾಡಿದ ಕಾರ್ಯಕ್ರಮದ ಮೊದಲ 100 ಜಿಲ್ಲೆಗಳಲ್ಲಿ ಕರ್ನಾಟಕದ್ದು ಐದೇ, ಅದರಲ್ಲಿ ತುಮಕೂರೂ ಒಂದು. 30 ದಾಟಿದವರ ಬೆರಳು ಚುಚ್ಚಿ ನೋಡೋದು ಆಗ ಬಂತು. ನೋಡಿದ ಮೇಲೆ ಮಾತ್ರೆ ಸಿಗಬೇಕಲ್ಲ? ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಸಂಶೋಧಕರು ಇದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಔಷಧಿಗಳು ಸಿಗೋದನ್ನೇ ವಿಷಯ ಮಾಡಿಕೊಂಡು ಅಧ್ಯಯನ ನಡೆಸಿದರು ಅಂದರೆ ತೊಡಕು ಎಲ್ಲಿತ್ತು ಅಂತ ಊಹಿಸಬಹುದು. ಸರ್ಕಾರಿ ಮಾತ್ರೆ ಮುಗಿದಾಗ ಅಂಗಡಿಯಿಂದ ಬೇರೆ ಬ್ರ್ಯಾಂಡ್ ಬರುತ್ತೆ, ಮುಂದಿನ ವಾರ ಸರ್ಕಾರಿ ಮಾತ್ರೆಯೂ ಬರುತ್ತೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಒಂದೇ. ಎರಡನ್ನೂ ನುಂಗಿದರೆ ಡೋಸ್ ದುಪ್ಪಟ್ಟು.

ಜೊತೆಗೆ ಪುಡಿಗಳ ಕಾಟ. ಮಧುನಾಶಿನಿ ಎಲೆ ಅಗಿದರೆ ನಾಲಿಗೆಗೆ ಸಿಹಿ ಗೊತ್ತಾಗಲ್ಲ ಅನ್ನೋದು ನಿಜ, ಅಗಿದು ನೋಡಿ ಬೇಕಾದರೆ. ಆದರೆ ನಾಲಿಗೆ ಬೇರೆ, ರಕ್ತ ಬೇರೆ. ಹೆಸರಿಲ್ಲದ ಡಬ್ಬಿಯ ‘ಶುದ್ಧ ಗಿಡಮೂಲಿಕೆ’ಯಿಂದ ವಾರದಲ್ಲೇ ಶುಗರ್ ಧಡಕ್ಕಂತ ಇಳಿದರೆ ಖುಷಿಪಡೋದಕ್ಕಿಂತ ಅನುಮಾನಪಡೋದು ಮೇಲು. 2000ದಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಇಂಥ ಮೂಲಿಕೆ ಮಾತ್ರೆಗಳೊಳಗೆ ಇದ್ದದ್ದು ಗ್ಲಿಬೆನ್‌ಕ್ಲಮೈಡ್, ಮತ್ತು ಅದೇ ಹಳೇ ಫೆನ್‌ಫಾರ್ಮಿನ್.

ಮುಂದಿನ ಸಲ ಊರಿಗೆ ಹೋದಾಗ ಗೂಡಿನಲ್ಲಿರೋ ಸ್ಟ್ರಿಪ್ಪುಗಳನ್ನೆಲ್ಲ ಹರಡಿ, ಸಣ್ಣಕ್ಷರದ ಹೆಸರುಗಳನ್ನು ದಪ್ಪಗೆ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದಿಡಿ. ಶಿವರಾತ್ರಿಗೆ ಇನ್ನೂ ವಾರವಿರುವಾಗಲೇ ಆ ಚೀಟಿ ಡಾಕ್ಟರ ಕೈಲಿದ್ದರೆ, ಆ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಕಮ್ಮಿ ಮಾಡಬೇಕು ಅಂತ ಅವರೇ ಅದರ ಹಿಂದೆ ಬರೆದುಕೊಡುತ್ತಾರೆ.