ಎಂಟು ಪಾಲು ಒಳ್ಳೆಯ ನೀರು

ಒಂದು ನದಿ ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬೇಕಾದಾಗ ಇವತ್ತು ಎಲ್ಲರೂ ಒಂದೇ ಅಂಕಿಯತ್ತ ಕೈ ತೋರಿಸುತ್ತಾರೆ: ಬಿ.ಒ.ಡಿ. ಮಂಡಳಿಯ ವರದಿಯಲ್ಲೂ ಅದೇ, ಪತ್ರಿಕೆಯ ಸುದ್ದಿಯಲ್ಲೂ ಅದೇ, ನ್ಯಾಯಾಲಯದ ವಾದದಲ್ಲೂ ಅದೇ. ಬೆಂಗಳೂರಿನ ಕುಡಿಯುವ ನೀರಿನ ಇತಿಹಾಸವನ್ನು ಪಿಎಚ್.ಡಿ.ಗೆ ಆರಿಸಿಕೊಂಡ ಮೇಲೆ ಈ ಮೂರಕ್ಷರ ನನ್ನ ಬೆನ್ನು ಬಿಟ್ಟಿಲ್ಲ. ಅಂಕಿಗೂ ಒಂದು ಹುಟ್ಟೂರು, ಒಂದು ಹುಟ್ಟಿದ ವರ್ಷ ಇರುತ್ತದೆ ಎಂದು ಕೆದಕುವುದು ಇತಿಹಾಸದ ವಿದ್ಯಾರ್ಥಿಗಳ ಚಟ. ಬಿ.ಒ.ಡಿ.ಯ ಹುಟ್ಟೂರು ಇಂಗ್ಲೆಂಡ್.

ಪರೀಕ್ಷೆಯೇನೋ ಸರಳ. ನದಿಯ ನೀರನ್ನು ಗಾಳಿಗುಳ್ಳೆ ಉಳಿಯದಂತೆ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಹಾಕಿ, ಕತ್ತಲಲ್ಲಿ ಇಡುತ್ತಾರೆ. ನೀರಿನಲ್ಲಿ ಕೊಳೆ ಹೆಚ್ಚಿದ್ದಷ್ಟೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚು ಆಮ್ಲಜನಕ ಬಳಸುತ್ತವೆ. ಇಟ್ಟ ದಿನ ಆಮ್ಲಜನಕ ಎಷ್ಟಿತ್ತು, ತೆಗೆದ ದಿನ ಎಷ್ಟು ಉಳಿಯಿತು ಎಂಬ ವ್ಯತ್ಯಾಸವೇ ಬಿ.ಒ.ಡಿ. ಆಮ್ಲಜನಕವನ್ನು ಅಳೆಯುವ ಉಪಾಯವನ್ನು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ. ಪಿಷ್ಟ ಬೆರೆತು ನೀಲಿಯಾದ ನೀರಿಗೆ ಥಯೋಸಲ್ಫೇಟ್ ಹನಿಹನಿಯಾಗಿ ಬೀಳುತ್ತಾ, ಯಾವುದೋ ಒಂದು ಹನಿಗೆ ನೀಲಿ ಥಟ್ಟನೆ ಮಾಯವಾಗುತ್ತದೆ. ಆ ಕ್ಷಣದ ಓದೇ ಲೆಕ್ಕ. ನದಿಯೊಂದರ ಜಾತಕ ಒಂದು ಹನಿಯ ಮೇಲೆ ನಿಂತಿರುವುದು ನನಗೆ ಇವತ್ತಿಗೂ ಸೋಜಿಗ.

ಈ ಪರೀಕ್ಷೆಯನ್ನು ಕಾನೂನಿನ ಭಾಷೆಗೆ ತಂದದ್ದು ಬ್ರಿಟನ್ನಿನಲ್ಲಿ 1898ರಲ್ಲಿ ನೇಮಕವಾದ ಒಳಚರಂಡಿ ವಿಲೇವಾರಿಯ ರಾಯಲ್ ಆಯೋಗ. ಬಾಟಲಿಯನ್ನು 65 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಐದು ದಿನ ಇಡಬೇಕು ಎಂದು ಅದು ಹೇಳಿತು. ಏಕೆ ಐದೇ ದಿನ? ಅಲ್ಲಿಯ ನದಿಗಳು ಅಷ್ಟರೊಳಗೆ ಸಮುದ್ರ ಸೇರಿಬಿಡುತ್ತವೆ, ಆಮೇಲಿನ ಚಿಂತೆ ಬೇಡ ಎಂಬ ವಿವರಣೆ ಪಠ್ಯಪುಸ್ತಕಗಳಲ್ಲಿ ನಡೆದುಬಂದಿದೆ. ನಮ್ಮ ಪ್ರಯೋಗಾಲಯಗಳಲ್ಲಿ ಅದು ಈಗ 27 ಡಿಗ್ರಿ ಸೆಲ್ಸಿಯಸ್, ಮೂರು ದಿನ. ಸೆಖೆಯ ನಾಡಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ಚುರುಕು. ಅಂದರೆ ಹವೆಗೆ ತಕ್ಕಂತೆ ಬಾಟಲಿಯನ್ನು ಒಗ್ಗಿಸಿಕೊಂಡೆವು.

ಒಗ್ಗಿಸಿಕೊಳ್ಳದೆ ಬಿಟ್ಟದ್ದು ಇನ್ನೊಂದಿದೆ. ಆಯೋಗದ ಎಂಟನೆಯ ವರದಿ 1912ರಲ್ಲಿ ಬಂತು. ನದಿಗೆ ಬಿಡುವ ಚರಂಡಿ ನೀರಿನ ಬಿ.ಒ.ಡಿ. ಲೀಟರಿಗೆ 20 ಮಿಲಿಗ್ರಾಂ ದಾಟಬಾರದು ಎಂಬ ಪ್ರಸಿದ್ಧ ಮಿತಿ ಅದರದು. ಆ 20 ಆಕಾಶದಿಂದ ಉದುರಿದ್ದಲ್ಲ. ನದಿಯ ಬಿ.ಒ.ಡಿ. 4 ದಾಟಿದರೆ ನೀರು ನಾರತೊಡಗಬಹುದು ಎಂದು ಆಯೋಗ ಕಂಡುಕೊಂಡಿತ್ತು. ಮೇಲಿನಿಂದ ಬರುವ ಒಳ್ಳೆಯ ನೀರಿನದು 2 ಇದೆ ಎಂದುಕೊಳ್ಳೋಣ. ಎಂಟು ಪಾಲು ಆ ನೀರು, ಒಂದು ಪಾಲು 20ರ ಚರಂಡಿ ನೀರು. ಎಂಟೆರಡಲ 16, ಅದಕ್ಕೆ 20 ಕೂಡಿದರೆ 36. ಒಟ್ಟು ಒಂಬತ್ತು ಪಾಲಿಗೆ ಹಂಚಿದರೆ ಸರಿಯಾಗಿ 4. ಎಂಟು ಪಾಲು ಒಳ್ಳೆಯ ನೀರು ಇದ್ದರೆ ಮಾತ್ರ ಆ 20ಕ್ಕೆ ಅರ್ಥ.

ಭಾರತದಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ 1974ರಲ್ಲಿ ಬಂತು. ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಮುಂದೆ ಪರಿಸರ ಸಂರಕ್ಷಣಾ ನಿಯಮಗಳಲ್ಲಿ, ನದಿ ಕೆರೆಗಳಿಗೆ ಬಿಡುವ ನೀರಿಗೆ 30ರ ಮಿತಿ ಸೇರಿತು. ಅಂಕಿ ಬಂತು, ಅದರ ಜತೆಗಾರ ಎಂಟು ಪಾಲು ಬರಲಿಲ್ಲ. ನಮ್ಮಲ್ಲಿ ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ನದಿಯ ಬಿ.ಒ.ಡಿ. 3 ಮೀರಬಾರದು. ಮೇಲಿನ ಲೆಕ್ಕವನ್ನೇ ಮಾಡಿ ನೋಡಿ: 30ರ ಒಂದು ಪಾಲನ್ನು 3ಕ್ಕೆ ಇಳಿಸಲು 27 ಪಾಲು ಒಳ್ಳೆಯ ನೀರು ಬೇಕು. ಇತ್ತೀಚೆಗೆ ನಗರದ ಶುದ್ಧೀಕರಣ ಘಟಕಗಳಿಗೆ 10ರ ಬಿಗಿ ಮಿತಿಯನ್ನು ಕೇಳಲಾಗುತ್ತಿದೆ. ಅದಕ್ಕೂ ಏಳು ಪಾಲು ಬೇಕು.

ಈ ಪಾಲುಗಳು ಎಲ್ಲಿಂದ ಬರಬೇಕು? ಜಲಾನಯನದಿಂದ. ಏರಿಯ ಕೆಳಗೆ ನೀರುಣ್ಣುವ ನೆಲಕ್ಕೆ ಅಚ್ಚುಕಟ್ಟು ಎಂಬ ಚಂದದ ಮಾತಿದೆ. ಏರಿಯ ಮೇಲಿನ, ನೀರು ಕೊಡುವ ನೆಲಕ್ಕೆ ಮಾತ್ರ ಈ ಕಡತದ ಪದವನ್ನೇ ಹಿಡಿಯಬೇಕಾಗಿದೆ. ಇರಲಿ. ಬೆಂಗಳೂರಿನ ಮಟ್ಟಿಗೆ ಆ ನೆಲ ಅರ್ಕಾವತಿಯದು.

ನಂದಿಬೆಟ್ಟದ ಕಡೆಯಿಂದ ಹೊರಟು, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ ಇದು. ಹತ್ತೊಂಬತ್ತನೆಯ ಶತಮಾನದ ಬೆಂಗಳೂರು ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿಕೊಂಡಿತ್ತು. ಊರು ಬೆಳೆದಂತೆ ಊರಿನ ಕೊಳೆ ಊರಿನ ಕೆರೆಗೇ ಇಳಿಯತೊಡಗಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಸುಮಾರು 20 ಕಿ.ಮೀ. ಆಚೆಯ ಹೆಸರಘಟ್ಟದಿಂದ ನೀರು ತರುವ ಯೋಜನೆ ರೂಪುಗೊಂಡಿತು. ಸೋಲದೇವನಹಳ್ಳಿಯಿಂದ ಪಂಪಿನಲ್ಲಿ ಎತ್ತಿದ ನೀರು ಮಲ್ಲೇಶ್ವರದ ಕಡೆಗೆ ಬರತೊಡಗಿತು. ಇದನ್ನು ಎಂಜಿನಿಯರಿಂಗ್ ಸಾಧನೆ ಎಂದು ಓದುವುದು ವಾಡಿಕೆ. ನಾನಂತೂ ಅದನ್ನು ಒಂದು ಅಭ್ಯಾಸದ ಆರಂಭ ಎಂದು ಓದುತ್ತೇನೆ: ಹತ್ತಿರದ ನೀರು ಕೆಟ್ಟರೆ ಅದನ್ನು ಸರಿಮಾಡುವುದಲ್ಲ, ಇನ್ನೂ ದೂರ ಹೋಗುವುದು. ಹೆಸರಘಟ್ಟ ಸಾಲದಾದಾಗ ಅರ್ಕಾವತಿಗೆ ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ 1933ರಲ್ಲಿ ಎದ್ದಿತು. ಅದೂ ಸಾಲದಾದಾಗ ಕಾವೇರಿ. ಕಾವೇರಿ ಯೋಜನೆಯ ಮೊದಲ ಹಂತ ನಗರ ಮುಟ್ಟಿದ್ದು 1974ರಲ್ಲಿ.

ಹೌದು, ಅದೇ 1974. ನದಿಗಳನ್ನು ಕಾಯುವ ಕಾಯ್ದೆ ಬಂದ ವರ್ಷವೇ ಈ ನಗರಕ್ಕೆ ತನ್ನ ಪಕ್ಕದ ನದಿಯ ಹಂಗು ಸಡಿಲವಾಗತೊಡಗಿತು. ಕಾಕತಾಳೀಯ ಇರಬಹುದು, ಆದರೆ ಮುಂದಿನ ಕತೆಯೆಲ್ಲ ಇದರಿಂದ ಅರ್ಥವಾಗುತ್ತದೆ. ತಾನು ಕುಡಿಯುವ ನೀರನ್ನು ಜನ ಕಾಯುವ ರೀತಿಯೇ ಬೇರೆ.

ತಿಪ್ಪಗೊಂಡನಹಳ್ಳಿಯ ಮೇಲಿನ ಜಲಾನಯನ 1,400 ಚದರ ಕಿ.ಮೀ.ಗೂ ಹೆಚ್ಚು. ಅದನ್ನು ಉಳಿಸಿಕೊಳ್ಳಲು 2003ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಜಲಾಶಯದ ಸುತ್ತ 2 ಕಿ.ಮೀ., ನದಿಗಳ ಇಕ್ಕೆಲಗಳಲ್ಲಿ ಒಂದಿಷ್ಟು ಪಟ್ಟಿ ಎಂದು ವಲಯಗಳನ್ನು ಗುರುತಿಸಿ ಕಟ್ಟಡ, ಕಾರ್ಖಾನೆಗಳಿಗೆ ಕಡಿವಾಣ ಹಾಕಿತು. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಪರೀಕ್ಷೆಗೆ ಒಳಗಾಗುತ್ತಿದ್ದದ್ದು ನೀರು. ಇಲ್ಲಿ ಮೊದಲ ಬಾರಿಗೆ ನೆಲವೂ ಲೆಕ್ಕಕ್ಕೆ ಬಂತು. ಆ ನೆಲ ಬೆಂಗಳೂರಿನ ನಿವೇಶನದ ಬೆಲೆಗೆ ಏರುತ್ತಿದ್ದ ಕಾಲ ಅದು. ಕಾಯ್ದ ಪಟ್ಟಿಯನ್ನು 2019ರಲ್ಲಿ ಕಿರಿದು ಮಾಡಲಾಯಿತು.

ಆದರೆ ಅಧಿಸೂಚನೆಯ ಕಣ್ಣು ಮುಖ್ಯವಾಗಿ ಕೊಳೆಯ ಮೇಲಿತ್ತು. ಅಷ್ಟರಲ್ಲಿ ನೀರೇ ಇಲ್ಲವಾಗುತ್ತಿತ್ತು. ಮಳೆ ಕಡಿಮೆಯಾಗಿದೆ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಅವರ ಸಂಗಡಿಗರೂ 2015ರಲ್ಲಿ ಪ್ರಕಟಿಸಿದ ಅಧ್ಯಯನ ಆ ನೆಪವನ್ನು ಕಿತ್ತುಕೊಂಡಿತು. ಮಳೆಯ ಇಳಿಕೆಯಿಂದ ಈ ಒಣಗುವಿಕೆಯನ್ನು ವಿವರಿಸಲಾಗದು. ಅಂತರ್ಜಲವನ್ನು ಬರಿದು ಮಾಡಿದ ಕೊಳವೆಬಾವಿಗಳು, ಹೊಲಗಳನ್ನು ಆವರಿಸಿದ ನೀಲಗಿರಿ ತೋಪುಗಳೇ ಹೆಚ್ಚಿನ ಕಾರಣ ಎಂದು ಅದು ವಾದಿಸಿತು. ನೀಲಗಿರಿಯಾಗಲಿ ಕೊಳವೆಬಾವಿಯಾಗಲಿ ನದಿಗೆ ಕೊಳೆ ಸುರಿಯುವುದಿಲ್ಲ. ಯಾವ ಬಾಟಲಿಯಲ್ಲೂ ಅವು ಸಿಕ್ಕಿಬೀಳುವುದಿಲ್ಲ. ಅವು ಕದ್ದದ್ದು ಆ ಎಂಟು ಪಾಲನ್ನು. ಕೊಳವೆಬಾವಿ ಕೊರೆಸಿದ ರೈತನನ್ನು ಕಳ್ಳ ಎನ್ನುವ ಧೈರ್ಯ ನನಗಿಲ್ಲ. ಕೆರೆಗೆ ನೀರು ಬಾರದ ಊರಿನಲ್ಲಿ ಅವನಿಗೆ ಬೇರೆ ದಾರಿ ಏನಿತ್ತು?

ಕೆಳಗೆ ಹೋದರೆ ಕತೆ ತಿರುಗುಮುರುಗು. ತೊರೆಕಾಡನಹಳ್ಳಿಯಿಂದ ಎತ್ತಿ ತಂದ ಕಾವೇರಿಯನ್ನು ಬೆಂಗಳೂರು ಕುಡಿದು, ಮಿಂದು, ತೊಳೆದು ಬಿಡುತ್ತದೆ. ನಗರದ ಪಶ್ಚಿಮದ ಇಳಿಜಾರಿನ ಆ ನೀರೆಲ್ಲ ವೃಷಭಾವತಿಗೆ. ಬಸವನಗುಡಿಯ ಬಸವಣ್ಣನ ಪಾದದಡಿ ಹುಟ್ಟುತ್ತದೆಂದು ನಂಬಲಾದ ಈ ಹೊಳೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಮಗ್ಗುಲಲ್ಲಿ ಹಾದು, ಬೈರಮಂಗಲದ ಜಲಾಶಯ ತುಂಬಿ, ಮುಂದೆ ಅರ್ಕಾವತಿಗೆ ಬೀಳುತ್ತದೆ. ಮೇಲೆ ಒಣಗಿದ ನದಿ ಇಲ್ಲಿ ಬೇಸಿಗೆಯಲ್ಲೂ ಹರಿಯುತ್ತದೆ. ಒಂದು ಪಾಲು ಚರಂಡಿಗೆ ಎಂಟು ಪಾಲು ನದಿ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಬೈರಮಂಗಲದ ಕೆಳಗಿನ ಹೊಲಗಳಿಗೆ ಇದೇ ನೀರು. ನಾರುವ ನೀರು, ಆದರೆ ತಪ್ಪದೆ ಬರುವ ನೀರು.

ಕನಕಪುರದ ಕೆಳಗೆ ಟಿ. ಬೇಕುಪ್ಪೆಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ನದಿಯಲ್ಲಿ ಎಷ್ಟು ನೀರು ಹರಿಯಿತು ಎಂಬುದು ಅಲ್ಲಿ ದಾಖಲಾಗುತ್ತದೆ. ನೀರು ಎಂಥದು ಎಂದು ಮಾಲಿನ್ಯ ಮಂಡಳಿಗಳು ಪ್ರಕಟಿಸುವ ಪಟ್ಟಿಯಲ್ಲಿ ಉಷ್ಣತೆ, ಆಮ್ಲಜನಕ, ಬಿ.ಒ.ಡಿ., ಕೋಲಿಫಾರ್ಮ್ ಎಲ್ಲಕ್ಕೂ ಅಂಕಣಗಳಿವೆ, ಹರಿವಿಗೆ ಇಲ್ಲ. ನಾನೀಗ ಎರಡೂ ಕಡೆಯ ವರ್ಷಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳುತ್ತಿದ್ದೇನೆ. ಬೇಸಿಗೆಯ ತಿಂಗಳುಗಳ ಸಾಲಿಗೆ ಬಂದಾಗ, ಅಲ್ಲಿ ಹರಿದದ್ದರಲ್ಲಿ ನಂದಿಬೆಟ್ಟದ ಕಡೆಯದು ಎಷ್ಟು, ಬೆಂಗಳೂರಿನ ಬಚ್ಚಲಿನದು ಎಷ್ಟು ಎಂದು ಬರೆಯಲು ಇನ್ನೊಂದು ಅಂಕಣ ಬೇಕಾಗುತ್ತದೆ.